ಗುಡ್ಡೆಯಿಂದ ಹೆದ್ದಾರಿಗೆ ಇಳಿದ ದನಗಳು

ಮಳೆಗಾಲದ ರಾತ್ರಿ ಕಾಪುವಿನಿಂದ ಉಡುಪಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಾಡಿ ಓಡಿಸುವವರಿಗೆ ಹೊಂಡಗಳಷ್ಟೇ ಭಯ ದನಗಳದ್ದು. ಡಾಮರಿನ ಮೇಲೆ ಕಾಲು ಮಡಚಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುವ ಹಿಂಡು ತಿರುವು ದಾಟಿದ ಕೂಡಲೇ ಎದುರಾಗುತ್ತದೆ. ಹೆಚ್ಚಿನವು ಕಪ್ಪು ಅಥವಾ ಕಂದು ಮೈಯ ಸಣ್ಣ ಗಾತ್ರದ ದನಗಳು. ಒದ್ದೆ ರಸ್ತೆಯ ಬಣ್ಣದಲ್ಲಿ ಅವುಗಳ ಮೈ ಬೇರೆಯಾಗಿ ಕಾಣುವುದೇ ಇಲ್ಲ. ಮಣಿಪಾಲದಿಂದ ಹೆಬ್ರಿಯತ್ತ ಸಾಗುವ 169ಎ ಹೆದ್ದಾರಿಯಲ್ಲೂ, ಕಾರ್ಕಳ ಪೇಟೆಯ ಸುತ್ತಲಿನ ರಸ್ತೆಗಳಲ್ಲೂ ಇದೇ ನೋಟ.

ದನ ರಸ್ತೆಗೆ ಬರುವುದು ಹಟದಿಂದಲ್ಲ. ಜೂನ್ ತಿಂಗಳಿಗೆ ಗದ್ದೆ, ತೋಡು, ಗುಡ್ಡೆ ಎಲ್ಲವೂ ನೀರು ಕುಡಿದು ಕೆಸರಾಗಿರುತ್ತವೆ. ಡಾಮರು ಬೇಗ ಒಣಗುತ್ತದೆ, ಬಿಸಿಲು ಬಿದ್ದ ದಿನ ಒಂದಿಷ್ಟು ಶಾಖವನ್ನೂ ಹಿಡಿದಿಟ್ಟಿರುತ್ತದೆ. ವಾಹನಗಳ ಗಾಳಿಗೆ ನೊಣ, ಸೊಳ್ಳೆಯ ಕಾಟವೂ ಕಡಿಮೆ. ಚತುಷ್ಪಥದ ನಡುವಿನ ಪಟ್ಟಿಯಲ್ಲಿ ನೆಟ್ಟ ಗಿಡಗಳ ನಡುವೆ ಹುಲ್ಲು ಬೆಳೆದಿರುತ್ತದೆ. ಹಗಲು ಮೇದದ್ದನ್ನು ರಾತ್ರಿ ಕುಳಿತು ಮೆಲುಕು ಹಾಕಲೇಬೇಕಾದ ಪ್ರಾಣಿಗೆ ಹೆದ್ದಾರಿ ಬೇಲಿಯಿಲ್ಲದ, ಯಾರೂ ಓಡಿಸದ, ಒಣ ಹಟ್ಟಿ.

ಈ ದನಗಳನ್ನು ಪತ್ರಿಕೆಗಳು 'ಬೀಡಾಡಿ ದನ' ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತವೆ. ಹತ್ತಿರದಿಂದ ನೋಡಿದರೆ ಇಲ್ಲಿ ಮೂರು ಬಗೆಯ ದನಗಳಿವೆ. ಮೊದಲನೆಯವಕ್ಕೆ ಮನೆಯಿದೆ, ಯಜಮಾನನಿದ್ದಾನೆ. ಬೆಳಿಗ್ಗೆ ಹಾಲು ಕರೆದು ಹಗ್ಗ ಬಿಚ್ಚಿದರೆ ಸಂಜೆ ಹಟ್ಟಿಗೆ ಮರಳುತ್ತವೆ, ಕೆಲವೊಮ್ಮೆ ಮರಳುವುದಿಲ್ಲ. ಎರಡನೆಯವು ಕೈಬಿಟ್ಟವು: ಗಂಡುಕರು, ಗಬ್ಬ ಕಟ್ಟದ ದನ, ಹಾಲು ನಿಲ್ಲಿಸಿದ ಮುದಿ ದನ. ಮೂರನೆಯವು ಬೀದಿಯಲ್ಲೇ ಹುಟ್ಟಿದವು. ಇವಕ್ಕೆ ಮೂಗುದಾರದ ಪರಿಚಯವಿಲ್ಲ, ಮನುಷ್ಯ ಹತ್ತಿರ ಬಂದರೆ ತಲೆಯೆತ್ತಿ ದೂರ ಸರಿಯುತ್ತವೆ, ಕರು ಜೊತೆಗಿದ್ದರೆ ಹಾಯುತ್ತವೆ. ಸಾಕುಪ್ರಾಣಿಯೊಂದು ಕಾಡುಪ್ರಾಣಿಯ ಬದುಕಿಗೆ ಹೊರಳುವುದು ಹೀಗೆಯೇ.

ಮೂರೂ ಬಗೆಯವು ಒಂದೇ ಹಿಂಡಿನಲ್ಲಿ ಬೆರೆತಿರುವುದರಿಂದ ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಯಜಮಾನನಿರುವ ದನಕ್ಕೆ ದಂಡ ಸಾಕು, ಕೈಬಿಟ್ಟದ್ದಕ್ಕೆ ಆಶ್ರಯ ಬೇಕು. ಬೀದಿಯಲ್ಲೇ ಹುಟ್ಟುವ ಸಂತತಿಯನ್ನು ಹುಟ್ಟಿನಲ್ಲೇ ಕಡಿಮೆ ಮಾಡುವ ಉಪಾಯ ಹುಡುಕಬೇಕು.

ಗುಡ್ಡೆಗೆ ಬಿಡುವ ಕಾಲ

ಕರಾವಳಿಯಲ್ಲಿ ದನವನ್ನು ಬಿಟ್ಟು ಮೇಯಿಸುವುದು ಹೊಸದಲ್ಲ. ಒಂದೆರಡು ತಲೆಮಾರಿನ ಹಿಂದೆ ಎಲ್ಲ ದನಗಳೂ ಬಿಟ್ಟೇ ಮೇಯುತ್ತಿದ್ದವು. ಬೆಳಿಗ್ಗೆ ಗಂಜಿ ಉಂಡು, ಊರಿನ ಹತ್ತಾರು ಮನೆಗಳ ದನಗಳನ್ನು ಒಬ್ಬಿಬ್ಬರು ಹುಡುಗರು ಗುಡ್ಡೆಗೆ ಅಟ್ಟಿಕೊಂಡು ಹೋಗುವುದು ದಿನಚರಿಯಾಗಿತ್ತು. ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ ಬೆಳೆಗಳು ಗದ್ದೆಯಲ್ಲಿರುವಾಗ ದನ ಕಟ್ಟಿನಲ್ಲಿರಬೇಕು. ಕೊಯ್ಲು ಮುಗಿದು ಗದ್ದೆ ಖಾಲಿಯಾದರೆ ಯಾರ ದನ ಯಾರ ಗದ್ದೆಯಲ್ಲಿ ಕೂಳೆ ಮೇದರೂ ಕೇಳುವವರಿಲ್ಲ. ಬೆಳೆ ಇದ್ದಾಗ ಬೇಲಿ ಹಾರಿದ ದನಕ್ಕೆ ದೊಡ್ಡಿ ಕಾದಿರುತ್ತಿತ್ತು. 1871ರ ಜಾನುವಾರು ಅತಿಕ್ರಮಣ ಕಾಯ್ದೆ ದೇಶದುದ್ದಕ್ಕೂ ಈ ದೊಡ್ಡಿಗಳಿಗೆ ಕಾನೂನಿನ ಬಲ ಕೊಟ್ಟಿತ್ತು. ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ದಂಡ ಕಟ್ಟಿ ದನ ಬಿಡಿಸಿಕೊಳ್ಳಬೇಕಿತ್ತು, ಯಾರೂ ಬಾರದಿದ್ದರೆ ಹರಾಜು.

ಮೇಯುವ ಜಾಗಕ್ಕೂ ಕಾನೂನಿನ ಚೌಕಟ್ಟಿತ್ತು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳಕ್ಕಾಗಿ ಕಾದಿರಿಸಬೇಕು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೊಂದು ವಿಶಿಷ್ಟ ಏರ್ಪಾಡಿತ್ತು: ಕುಮ್ಕಿ. ಹಳೆಯ ವರ್ಗ (ಪಟ್ಟಾ) ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಆ ಜಮೀನಿನವರು ಸೊಪ್ಪು, ಸೌದೆ, ಹುಲ್ಲು ತರಬಹುದು, ದನ ಮೇಯಿಸಬಹುದು. ಜಾಗ ಸರಕಾರದ್ದು, ಸವಲತ್ತು ರೈತನದ್ದು. ಮದ್ರಾಸ್ ಪ್ರಾಂತ್ಯದ ಕಾಲದಿಂದ ಬಂದ ಈ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಕಲಮು ಹಾಗೆಯೇ ಉಳಿಸಿಕೊಂಡಿತು.

ಕುಮ್ಕಿ, ಗುಡ್ಡೆ, ಹಾಡಿ, ಮುರಕಲ್ಲಿನ ಪದವು: ಇವೆಲ್ಲ ಸೇರಿ ಕರಾವಳಿಯ ಹುಲ್ಲುಗಾವಲು. ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಬೋಳು ಪದವಿನ ಮೇಲೆ ಎಳೆ ಹುಲ್ಲು ಹಬ್ಬುತ್ತಿತ್ತು. ದೀಪಾವಳಿ ಕಳೆಯುವಾಗ ಅದು ಒರಟಾಗಿ, ಮನೆಯ ಮಾಡಿಗೆ ಹೊದೆಸುವ ಮುಳಿಯಾಗುತ್ತಿತ್ತು. ಹಾಲಿನ ಆಸೆಗೆ ಯಾರೂ ಹತ್ತಾರು ದನ ಸಾಕುತ್ತಿರಲಿಲ್ಲ. ಹಟ್ಟಿಯಲ್ಲಿ ಸೊಪ್ಪು, ತರಗೆಲೆ ಹಾಸಿ, ಅದರ ಮೇಲೆ ದನ ಮಲಗಿಸಿ, ಸೆಗಣಿ ಗಂಜಳದಲ್ಲಿ ಕೊಳೆಸಿ ಗದ್ದೆಗೆ ಹೊತ್ತು ಹಾಕುವ ಗೊಬ್ಬರವೇ ದನ ಸಾಕಣೆಯ ಮುಖ್ಯ ಫಲ. ಗುಡ್ಡೆಯ ಹುಲ್ಲನ್ನು ಗದ್ದೆಯ ಭತ್ತವಾಗಿ ಪರಿವರ್ತಿಸುವ ನಡುವಿನ ಕೊಂಡಿ ದನವಾಗಿತ್ತು.

ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದದ್ದು ಮಲೆನಾಡು ಗಿಡ್ಡ. ತುಳುವರಿಗೆ ಅದು 'ಊರ ಪೆತ್ತ'. ಎತ್ತರ ಸುಮಾರು 90 ಸೆಂಟಿಮೀಟರ್, ತೂಕ ನೂರು ಕಿಲೋದ ಆಚೀಚೆ, ಹಾಲು ದಿನಕ್ಕೆ ಒಂದೆರಡು ಲೀಟರ್. ಜಡಿಮಳೆಗೂ ಉಣ್ಣಿಯ ಕಾಟಕ್ಕೂ ಬಗ್ಗದ ಮೈ, ಕಲ್ಲಿನ ಇಳಿಜಾರಿನಲ್ಲಿ ಜಾರದ ಗಟ್ಟಿ ಗೊರಸು. ವರ್ಷಕ್ಕೊಂದು ಕರು ಹಾಕುತ್ತದೆಂದು ಮಲೆನಾಡಿನಲ್ಲಿ ಇದಕ್ಕೆ 'ವರ್ಷಗಂಧಿ' ಎಂಬ ಹೆಸರೂ ಇದೆ. ಉಡುಪಿಯೂ ಸೇರಿದಂತೆ ಮಲೆನಾಡು, ಕರಾವಳಿಯ ಜಿಲ್ಲೆಗಳೇ ಇದರ ತವರು. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ಇದು ನೋಂದಾಯಿತ ತಳಿ. ಹೆದ್ದಾರಿಯ ಮೇಲೆ ಮಲಗುವ ದನಗಳಲ್ಲಿ ಹೆಚ್ಚಿನವು ಈ ಗಿಡ್ಡಗಳು ಅಥವಾ ಇವುಗಳ ಬೆರಕೆ.

ನಾಲ್ಕು ಕೊಂಡಿಗಳು ಕಳಚಿದ್ದು

ಈ ವ್ಯವಸ್ಥೆ ಒಂದೇ ದಿನದಲ್ಲಿ ಕುಸಿಯಲಿಲ್ಲ. ಮೊದಲು ಹೋದದ್ದು ಉಳುಮೆ. ಕರಾವಳಿಯ ಕೆಸರು ಗದ್ದೆಗೆ ಕೋಣ, ಎತ್ತು ಎರಡೂ ಬೇಕಿದ್ದವು. ಟಿಲ್ಲರು, ಆಮೇಲೆ ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜೋಡಿ ಹಟ್ಟಿಯಿಂದ ಮಾಯವಾಯಿತು. ಕೋಣಗಳಿಗೆ ಕಂಬಳದ ಗತ್ತು ಉಳಿಯಿತು. ಕಟಪಾಡಿ, ಮಿಯ್ಯಾರುಗಳ ಕರೆಯಲ್ಲಿ (ಓಟದ ಗದ್ದೆಯಲ್ಲಿ) ಓಡುವ ಕೋಣಗಳಿಗೆ ಇಂದಿಗೂ ಎಣ್ಣೆ, ಹುರುಳಿ, ಆಳುಕಾಳಿನ ಉಪಚಾರವಿದೆ. ದನದ ಹೊಟ್ಟೆಯಲ್ಲಿ ಹುಟ್ಟಿದ ಗಂಡುಕರುವಿಗೆ ಅಂಥ ಯಾವ ಕೆಲಸವೂ ಉಳಿಯಲಿಲ್ಲ.

ಎರಡನೆಯದು ಹಾಲು. 1974ರಲ್ಲಿ ಮಣಿಪಾಲದಲ್ಲಿ ಕೆನರಾ ಹಾಲು ಒಕ್ಕೂಟ ಆರಂಭವಾದಾಗಿನಿಂದ ಹೈನುಗಾರಿಕೆ ಈ ಭಾಗದಲ್ಲಿ ನಗದು ಆದಾಯದ ದಾರಿಯಾಯಿತು. ದಕ್ಷಿಣ ಕನ್ನಡ ಹಾಲು ಒಕ್ಕೂಟದ ಸಂಘಗಳು ಊರೂರಿಗೆ ಬಂದವು. ಡಿಪೋಗೆ ಹಾಲು ಹಾಕುವವರಿಗೆ ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿ ಬೇಕು. ಅದು ಹಟ್ಟಿ ಬಿಟ್ಟು ಹೊರಗೆ ಬರುವುದಿಲ್ಲ, ಹಿಂಡಿ ಮತ್ತು ಕತ್ತರಿಸಿದ ಹುಲ್ಲು ಅದರ ಬಾಯಿಗೇ ಬರುತ್ತದೆ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2012ರಿಂದ 2019ರ ನಡುವೆ ಮಿಶ್ರತಳಿ ಮತ್ತು ವಿದೇಶಿ ದನಗಳ ಸಂಖ್ಯೆ ಶೇ. 26.9ರಷ್ಟು ಏರಿತು, ದೇಸಿ ದನಗಳದ್ದು ಶೇ. 6ರಷ್ಟು ಇಳಿಯಿತು.

ಮೂರನೆಯದು ಜಾಗ. ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟುವ ಹೊತ್ತಿಗೆ ಮಣಿಪಾಲ ಬೋಳು ಗುಡ್ಡ. ಇಂದು ಅಲ್ಲಿ ಬಹುಮಹಡಿ ಕಟ್ಟಡಗಳ ನಗರ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಬಂತು. ಕಾರ್ಕಳದ ಸುತ್ತ ಕಲ್ಲುಕೋರೆಗಳು ಗುಡ್ಡೆಗಳನ್ನು ಕೊರೆದವು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಮುರಕಲ್ಲು ಗುಡ್ಡೆಗಳಿಗೆ ಬಂದ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ತನ್ನ ಬುಡದಲ್ಲಿ ಹುಲ್ಲನ್ನು ಏಳಗೊಡಲಿಲ್ಲ. ಉಳಿದ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಮುಗಳಡಿ, ಸಾಗುವಳಿ ಮಾಡಿದವರಿಗೆ ಅಕ್ರಮ ಸಕ್ರಮದ ನಮೂನೆ 50, 53, 57ರ ಅರ್ಜಿಗಳ ಮೂಲಕ ಹಕ್ಕುಪತ್ರ ಸಿಕ್ಕಿತು. ಬಡವನಿಗೆ ಸೂರು ಸಿಕ್ಕಿದ್ದು ನ್ಯಾಯವೇ. ಅದಕ್ಕೆ ಬೆಲೆ ತೆತ್ತದ್ದು ಮತವಿಲ್ಲದ, ಅರ್ಜಿ ಬರೆಯಲು ಬಾರದ ದನ.

ನಾಲ್ಕನೆಯದು ಕಾಯುವ ಕೈ. ದನ ಅಟ್ಟಿಕೊಂಡು ಗುಡ್ಡೆಗೆ ಹೋಗುತ್ತಿದ್ದ ಹುಡುಗ ಶಾಲೆಗೆ ಹೋದ, ಆಮೇಲೆ ಮುಂಬಯಿಗೋ ದುಬೈಗೋ ಹೋದ. ದನ ಕಾಯುವುದು ಯಾರ ಕೆಲಸವೂ ಅಲ್ಲದಂತಾಯಿತು.

ಹುಲ್ಲುಗಾವಲು ಹೋಯಿತು, ದನ ಮಾತ್ರ ಹಳೆಯ ಅಭ್ಯಾಸದಂತೆ ಹೊರಗೆ ಬರುತ್ತಲೇ ಇದೆ. ಪೇಟೆಯಲ್ಲಿ ಅದಕ್ಕೆ ಸಿಗುವುದು ತರಕಾರಿ ಅಂಗಡಿಯ ಕಸ, ಹೋಟೆಲಿನ ಬಾಳೆ ಎಲೆ, ಜೊತೆಗೆ ಪ್ಲಾಸ್ಟಿಕ್ ಚೀಲ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ನಾಲಿಗೆಯಿಂದ ಸುತ್ತಿ ಸೆಳೆದು ನುಂಗುವ ಪ್ರಾಣಿ ಅದು. ಚೀಲದೊಳಗಿನ ಅನ್ನದ ಜೊತೆ ಚೀಲವೂ ಒಳಗೆ ಹೋಗುತ್ತದೆ. ಮೆಲುಕಿಗೆ ಬಾರದ ಆ ಗಂಟು ಹೊಟ್ಟೆಯಲ್ಲೇ ಬೆಳೆಯುತ್ತ ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ.

ಅಮೆರಿಕದ ಕುದುರೆಗಳ ಲೆಕ್ಕ

ಸಾಕುಪ್ರಾಣಿ ಕೈತಪ್ಪಿ ಹಿಂಡಾಗಿ ಬೆಳೆಯುವ ತೊಡಕು ಉಡುಪಿಗೆ ಮಾತ್ರ ಅಂಟಿದ್ದಲ್ಲ. ಅಸ್ಸಾಮಿನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದಲ್ಲಿ ಎರಡನೇ ಮಹಾಯುದ್ಧದ ಸೈನ್ಯ ಬಿಟ್ಟುಹೋದ ಕುದುರೆಗಳ ಸಂತತಿ ಎನ್ನಲಾಗುವ ಹಿಂಡುಗಳಿವೆ. ಈ ವಿಷಯದಲ್ಲಿ ಬಹು ದೊಡ್ಡ ಮತ್ತು ಬಹು ದುಬಾರಿ ಪ್ರಯೋಗವೊಂದು ನಡೆದಿರುವುದು ಅಮೆರಿಕದಲ್ಲಿ.

ಸ್ಪೇನಿನವರು ತಂದ ಕುದುರೆಗಳು, ರೈತರು ಕೈಬಿಟ್ಟ ಕುದುರೆಗಳು ಸೇರಿ ಅಮೆರಿಕದ ಪಶ್ಚಿಮದ ಒಣ ಬಯಲುಗಳಲ್ಲಿ ಕಾಡು ಹಿಂಡುಗಳಾದವು. ಅವುಗಳನ್ನು ಅಟ್ಟಿ ಹಿಡಿದು ಪ್ರಾಣಿ ಆಹಾರದ ಕಾರ್ಖಾನೆಗೆ ಸಾಗಿಸುವ ದಂಧೆಯ ವಿರುದ್ಧ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ ಹೋರಾಡಿದರು, ಶಾಲಾ ಮಕ್ಕಳಿಂದ ಸಂಸತ್ತಿಗೆ ರಾಶಿ ರಾಶಿ ಪತ್ರ ಬರೆಸಿದರು. 1971ರಲ್ಲಿ ಕಾಡುಕುದುರೆ ಮತ್ತು ಕತ್ತೆಗಳ ರಕ್ಷಣಾ ಕಾಯ್ದೆ ಬಂತು. ಹೊಣೆ ಮುಖ್ಯವಾಗಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಹೆಗಲಿಗೆ ಬಿತ್ತು. ಹತ್ತು ರಾಜ್ಯಗಳ ಸುಮಾರು ಎರಡೂವರೆ ಕೋಟಿ ಎಕರೆ ಸರಕಾರಿ ಹುಲ್ಲುಗಾವಲು ಎಷ್ಟು ಪ್ರಾಣಿಗಳನ್ನು ತಾಳಿಕೊಳ್ಳಬಲ್ಲದು ಎಂದು ಲೆಕ್ಕ ಹಾಕಿ ಇಲಾಖೆ ಒಂದು ಮಿತಿ ಇಟ್ಟಿದೆ: ಸುಮಾರು 25,500. 2020ರಲ್ಲಿ ಅಲ್ಲಿ ನಿಜವಾಗಿ ಇದ್ದದ್ದು ಸುಮಾರು 95,000.

ತಡೆಯಿಲ್ಲದೆ ಬಿಟ್ಟರೆ ಹಿಂಡು ನಾಲ್ಕೈದು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಆರೋಗ್ಯವಂತ ಪ್ರಾಣಿಯನ್ನು ಕೊಲ್ಲಲು ಸಂಸತ್ತು ಹಣ ಕೊಡುವುದಿಲ್ಲ. ಹೆಲಿಕಾಪ್ಟರ್ ಹಾರಿಸಿ ಕುದುರೆಗಳನ್ನು ದೊಡ್ಡಿಗೆ ಅಟ್ಟುತ್ತಾರೆ, ದತ್ತು ಪಡೆಯುವವರಿಗಾಗಿ ಕಾಯುತ್ತಾರೆ. ದತ್ತು ಹೋಗದವು ಸರಕಾರದ ಖರ್ಚಿನಲ್ಲಿ ಬದುಕಿರುವವರೆಗೂ ಉಣ್ಣುತ್ತವೆ. ಹಾಗೆ ಕೂಡಿಹಾಕಿದ ಪ್ರಾಣಿಗಳ ಸಂಖ್ಯೆ 60,000 ದಾಟಿತು. ಕುದುರೆ ಯೋಜನೆಯ ಬಜೆಟ್ಟಿನ ಬಹುಪಾಲನ್ನು ಈ ಮೇವಿನ ಖರ್ಚೇ ನುಂಗುತ್ತದೆ. ಹುಟ್ಟು ತಡೆಯುವ ಕೆಲಸಕ್ಕೆ ಉಳಿಯುವುದು ಪುಡಿಗಾಸು. 2019ರಲ್ಲಿ ದತ್ತು ಪಡೆದವರಿಗೆ 1,000 ಡಾಲರ್ ಕೊಡುವ ಯೋಜನೆ ತಂದರು. ಹಣ ಕೈಸೇರಿದ ಮೇಲೆ ಕೆಲವರು ಕುದುರೆಗಳನ್ನು ಕಸಾಯಿಖಾನೆಯ ದಲ್ಲಾಳಿಗಳು ಬರುವ ಹರಾಜಿಗೆ ತಳ್ಳುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ 2021ರಲ್ಲಿ ಬಯಲಿಗೆಳೆಯಿತು.

ಅದೇ ದೇಶದ ಪೂರ್ವ ಕರಾವಳಿಯ ಅಸಟೀಗ್ ಎಂಬ ದ್ವೀಪದಲ್ಲಿ ಬೇರೆಯೇ ಕತೆ. ಮೇರಿಲ್ಯಾಂಡ್ ರಾಜ್ಯಕ್ಕೆ ಸೇರಿದ ಭಾಗದಲ್ಲಿ 1994ರಿಂದ ಹೆಣ್ಣು ಕುದುರೆಗಳಿಗೆ ದೂರದಿಂದ ಸೂಜಿ ಹಾರಿಸಿ ಗರ್ಭನಿರೋಧಕ ಲಸಿಕೆ ಕೊಡುತ್ತಾ ಬಂದರು. ಪ್ರತಿ ಕುದುರೆಗೂ ಗುರುತು, ಪ್ರತಿ ಕುದುರೆಗೂ ದಾಖಲೆ. ಹಿಂಡು ನಿಧಾನವಾಗಿ ಮಿತಿಯೊಳಗೆ ಬಂತು, ವರ್ಷ ವರ್ಷ ಮರಿ ಹಾಕುವ ಹೊರೆ ಇಳಿದ ಹೆಣ್ಣು ಕುದುರೆಗಳು ಮೊದಲಿಗಿಂತ ಹೆಚ್ಚು ಕಾಲ ಬದುಕಿದವು. ಹಿಂಡು ಚಿಕ್ಕದಿದ್ದಾಗಲೇ ಎಣಿಸಿ, ಹುಟ್ಟಿಗೆ ಕೈ ಹಾಕಿದ ದ್ವೀಪ ಗೆದ್ದಿತು. ಬೆಳೆದ ಮೇಲೆ ಹಿಡಿಯಹೊರಟ ಬಯಲು ಸೋತಿತು.

ಗೋಶಾಲೆಯ ಬಾಗಿಲು

ಅಮೆರಿಕದ ಸರಕಾರ ಹೊತ್ತಂಥ ಮೇವಿನ ಹೊರೆಯನ್ನು ಉಡುಪಿಯಲ್ಲಿ ಹೊತ್ತಿರುವುದು ಗೋಶಾಲೆಗಳು. ಕೃಷ್ಣಮಠದ ಗೋಶಾಲೆ ಭಕ್ತರಿಗೆ ಪರಿಚಿತ. ಬ್ರಹ್ಮಾವರದ ಬಳಿ ನೀಲಾವರದಲ್ಲಿ ಪೇಜಾವರ ಮಠದ ವಿಶ್ವಪ್ರಸನ್ನ ತೀರ್ಥ ಸ್ವಾಮೀಜಿಯವರು ನಡೆಸುವ ಗೋಶಾಲೆಯಲ್ಲಿ ಕೈಬಿಟ್ಟ, ಗಾಯಗೊಂಡ, ಪೊಲೀಸರು ವಶಪಡಿಸಿಕೊಂಡ ದನಗಳೂ ಸೇರಿ ನೂರಾರು ಇವೆ. ಅಂಥ ಕಡೆ ದಿನವೂ ಬೇಕಾಗುವ ಒಣಹುಲ್ಲನ್ನು ಘಟ್ಟದ ಮೇಲಿನಿಂದ ಲಾರಿಯಲ್ಲಿ ತರಿಸಬೇಕು. ಭತ್ತದ ಗದ್ದೆಗಳು ಹಡೀಲು (ಪಾಳು) ಬಿದ್ದ ಕರಾವಳಿಯಲ್ಲಿ ಬೈಹುಲ್ಲಿಗೂ ಬರ.

2022ರಲ್ಲಿ ರಾಜ್ಯ ಸರಕಾರ ಪುಣ್ಯಕೋಟಿ ದತ್ತು ಯೋಜನೆ ಆರಂಭಿಸಿ, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸನ್ನು ದತ್ತು ಪಡೆಯಲು ಸಾರ್ವಜನಿಕರಿಗೆ ಅವಕಾಶ ಮಾಡಿತು. ದಿನಕ್ಕೆ ಸುಮಾರು 30 ರೂಪಾಯಿ. ಉತ್ತರ ಪ್ರದೇಶ ಇದನ್ನು ತಿರುವಿಹಾಕಿ, ಬೀದಿದನವನ್ನು ಮನೆಗೆ ಒಯ್ದು ಸಾಕುವವರಿಗೆ ಸರಕಾರವೇ ದಿನಕ್ಕೆ 30 ರೂಪಾಯಿ ಕೊಡುವ ಯೋಜನೆಯನ್ನು 2019ರಲ್ಲಿ ತಂದಿತು, ಮುಂದೆ ಅದನ್ನು 50ಕ್ಕೆ ಏರಿಸಿತು. ಎರಡೂ ದಾರಿಯಲ್ಲಿ ಖರ್ಚು ಒಮ್ಮೆಗೆ ಮುಗಿಯುವುದಿಲ್ಲ, ದನ ಬದುಕಿರುವ ಹದಿನೈದು ಇಪ್ಪತ್ತು ವರ್ಷವೂ ನಡೆಯುತ್ತದೆ.

ಹಿಂಡಿನಿಂದ ಹೊರಹೋಗುವ ದಾರಿಗಳು ಕಿರಿದಾಗಿರುವುದೂ ನಿಜ. 1964ರ ರಾಜ್ಯ ಕಾಯ್ದೆ ಆಕಳ ವಧೆಯನ್ನು ನಿಷೇಧಿಸಿ, 12 ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿಟ್ಟಿತ್ತು. 2021ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಆ ಅವಕಾಶ. ಉಲ್ಲಂಘನೆಗೆ ಮೂರರಿಂದ ಏಳು ವರ್ಷದ ಸಜೆ. ಈ ಕಾನೂನಿನ ಪರ, ವಿರೋಧದ ವಾದಗಳು ಕರಾವಳಿಯ ರಾಜಕೀಯದಲ್ಲಿ ಎಲ್ಲರಿಗೂ ಬಾಯಿಪಾಠ. ಹಿಂಡಿನ ಲೆಕ್ಕದಲ್ಲಿ ನೋಡಿದರೆ ಉಳಿಯುವ ಸಂಗತಿ ಇಷ್ಟು: ಕೆಲಸವಿಲ್ಲದ ಹೋರಿಗೆ ಖರೀದಿದಾರನಿಲ್ಲ, ಸಾಗಿಸಲು ಹೋದರೆ ದಾರಿಯಲ್ಲಿ ತಂಟೆ, ಹಟ್ಟಿಯಲ್ಲಿಟ್ಟರೆ ಮೇವಿನ ಖರ್ಚು. ರಾತ್ರಿ ಹಗ್ಗ ಬಿಚ್ಚಿ ಪೇಟೆಯಂಚಿಗೆ ಬಿಡುವುದು ಖರ್ಚಿಲ್ಲದ ದಾರಿ. ಹಾಗೆ ಬಿಟ್ಟ ದನವನ್ನು ನಡುರಾತ್ರಿ ವಾಹನಕ್ಕೆ ತುಂಬಿಕೊಂಡು ಹೋಗುವ ಕಳ್ಳರೂ ಇದ್ದಾರೆ.

ದೊಡ್ಡಿಯ ಕಾನೂನು ಇನ್ನೂ ಬದುಕಿದೆ, ಅದರ ಕೊನೆಯ ಮೆಟ್ಟಿಲಾದ ಹರಾಜು ಮಾತ್ರ ನಡೆಯದಾಗಿದೆ. ನಗರಸಭೆ, ಪುರಸಭೆಗಳು ಆಗಾಗ ದನ ಹಿಡಿಯುವ ಕಾರ್ಯಾಚರಣೆ ಮಾಡಿ ಹಿಡಿದವನ್ನು ಗೋಶಾಲೆಗೆ ಕೊಡುತ್ತವೆ. ಖಾಲಿಯಾದ ಪೇಟೆಗೆ ಮರುವರ್ಷ ಹೊಸ ಹಿಂಡು ಬಂದಿರುತ್ತದೆ. ಒರತೆ ಇರುವ ಬಾವಿಯನ್ನು ಕೊಡಪಾನದಲ್ಲಿ ಬರಿದು ಮಾಡಹೊರಟ ಹಾಗೆ.

ಒರತೆ ಎಲ್ಲಿದೆ?

ದನದ ಗರ್ಭಾವಧಿ ಒಂಬತ್ತು ತಿಂಗಳಿಗಿಂತ ತುಸು ಹೆಚ್ಚು. ಬೀದಿಯಲ್ಲಿ ಹತ್ತು ಹೆಣ್ಣುಗಳಿದ್ದರೆ ಒಂದೇ ಹೋರಿ ಸಾಕು, ಮುಂದಿನ ವರ್ಷಕ್ಕೆ ಹತ್ತರಲ್ಲಿ ಹಲವು ಕರು ಹಾಕಿರುತ್ತವೆ. ಬೀಡಾಡಿ ಹೋರಿಗಳಿಗೆ ಬೀಜ ಒಡೆಸುವುದು ಇದಕ್ಕೆ ಸರಳವಾದ ತಡೆ. ಹಿಂದೆ ಊರಿನ ಅನುಭವಿಗಳೇ ಮಾಡುತ್ತಿದ್ದ ಈ ಕೆಲಸವನ್ನು ಈಗ ಪಶುವೈದ್ಯರು ಅರಿವಳಿಕೆ ಕೊಟ್ಟು, ಬುರ್ಡಿಝೋ ಎಂಬ ಇಕ್ಕಳದಿಂದ ರಕ್ತ ಬಾರದಂತೆ ಮುಗಿಸುತ್ತಾರೆ. ತೊಡಕೆಂದರೆ ಒಂದು ಹೋರಿ ಉಳಿದರೂ ಅದು ಉಳಿದವುಗಳ ಕೆಲಸವನ್ನು ಮಾಡುತ್ತದೆ. ಆದ್ದರಿಂದ ಒಂದು ಪೇಟೆಯ ಎಲ್ಲ ಹೋರಿಗಳನ್ನೂ ಒಂದೇ ಸುತ್ತಿನಲ್ಲಿ ಮುಗಿಸಬೇಕು, ಅಕ್ಕಪಕ್ಕದ ಪಂಚಾಯತಿಯೂ ಜೊತೆಗಿರಬೇಕು.

ಹಟ್ಟಿಯೊಳಗಿನ ಒರತೆಗೆ ಬೇರೆ ಉಪಾಯವಿದೆ. ಲಿಂಗ ನಿರ್ಧರಿತ ವೀರ್ಯ ಬಳಸಿ ಕೃತಕ ಗರ್ಭಧಾರಣೆ ಮಾಡಿಸಿದರೆ ಹುಟ್ಟುವ ಕರುಗಳಲ್ಲಿ ಶೇ. 90ರಷ್ಟು ಹೆಣ್ಣಾಗಿರುತ್ತವೆ. ಕೇಂದ್ರದ ರಾಷ್ಟ್ರೀಯ ಗೋಕುಲ ಮಿಷನ್ ಇದಕ್ಕೆ ಸಹಾಯಧನ ಕೊಡುತ್ತದೆ. ಬೇಡದ ಗಂಡುಕರು ಹುಟ್ಟದಿದ್ದರೆ ಬೀದಿಗೆ ಬಿಡುವ ಪ್ರಸಂಗವೂ ಬಾರದು. ಮಿಶ್ರತಳಿ ಸಾಕುವವರು ಇದರತ್ತ ತಿರುಗುತ್ತಿದ್ದಾರೆ. ಗುಡ್ಡೆಯಲ್ಲೇ ಹೋರಿಗೆ ಕೂಡುವ ಗಿಡ್ಡ ದನಕ್ಕೆ ಈ ದಾರಿ ಇನ್ನೂ ದೂರ.

ಯಜಮಾನನನ್ನು ಪತ್ತೆ ಹಚ್ಚಲು ಕಿವಿಯೋಲೆ ಇದೆ. ಕಾಲುಬಾಯಿ ಜ್ವರದ ಲಸಿಕೆಯ ಜೊತೆಗೆ ಪಶುಪಾಲನಾ ಇಲಾಖೆ ರಾಸುಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿ 12 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ತಂತ್ರಾಂಶಕ್ಕೆ ಕೊಟ್ಟರೆ ದನ ಯಾರದ್ದು, ಯಾವ ಲಸಿಕೆ ಆಗಿದೆ ಎಂಬುದೆಲ್ಲ ತಿಳಿಯುತ್ತದೆ. ರಸ್ತೆಯಲ್ಲಿ ಸಿಕ್ಕ ದನದ ಬಿಲ್ಲೆ ನೋಡಿ ಯಜಮಾನನಿಗೆ ನೋಟಿಸು ಕಳಿಸಿದರೆ ಮೊದಲ ಬಗೆಯ ದನಗಳು ಮನೆ ಸೇರುತ್ತವೆ. ಬಿಲ್ಲೆಯೇ ಇಲ್ಲದವು ಎಷ್ಟೆಂದು ಎಣಿಸಿದರೆ ಉಳಿದೆರಡು ಬಗೆಯ ಗಾತ್ರವೂ ಗೊತ್ತಾಗುತ್ತದೆ.

ಕಾರ್ಕಳದ ಕಾಡಂಚು

ಕಾಪು, ಮಣಿಪಾಲಗಳಲ್ಲಿ ದನಕ್ಕೆ ಎದುರಾಳಿ ವಾಹನವಾದರೆ, ಕಾರ್ಕಳದ ಪೂರ್ವದಂಚಿನಲ್ಲಿ ಲೆಕ್ಕ ಬೇರೆ. ಮಾಳದಂಥ ಊರುಗಳ ಬೆನ್ನಿಗೇ 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ದನ ಮೇಯಿಸುವುದನ್ನು ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ದನ ಕಾಡಿನ ಗಡಿಯನ್ನು ಓದಲಾರದು, ಕಾಡುಕೋಣವೂ ಓದಲಾರದು. ಕಾಟಿಗಳು ತೋಟಕ್ಕೆ, ಗದ್ದೆಗೆ ಇಳಿಯುತ್ತವೆ. ದನಗಳು ಕಾಡಿಗೆ ಹತ್ತುತ್ತವೆ. ಚಿರತೆ ಎರಡರ ನಡುವೆ ಕರುವಿಗಾಗಿ ಹೊಂಚುತ್ತದೆ.

ಒಂದೇ ಹುಲ್ಲು, ಒಂದೇ ನೀರು ಹಂಚಿಕೊಂಡರೆ ರೋಗವನ್ನೂ ಹಂಚಿಕೊಳ್ಳಬೇಕಾಗುತ್ತದೆ. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದಾಗ ಬಂಡೀಪುರ, ಮುದುಮಲೆಗಳಲ್ಲಿ ಕಾಡುಕೋಣಗಳು ಹಿಂಡುಹಿಂಡಾಗಿ ಸತ್ತವು. ಲಸಿಕೆಯ ಬಲದಿಂದ ಆ ರೋಗ ಭೂಮಿಯಿಂದಲೇ ಅಳಿದಿದೆ ಎಂದು 2011ರಲ್ಲಿ ಘೋಷಣೆಯಾಯಿತು. ಕಾಲುಬಾಯಿ ಜ್ವರ ಉಳಿದಿದೆ, 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಅಭಯಾರಣ್ಯದ ಸುತ್ತಲಿನ ಐದು ಕಿಲೋಮೀಟರಿನೊಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಯಜಮಾನನಿಲ್ಲದ ದನವನ್ನು ಲಸಿಕೆಯ ದಿನ ಹಿಡಿದು ನಿಲ್ಲಿಸುವವರಾರು? ಬೀಡಾಡಿ ಹಿಂಡು ಹೆಚ್ಚಿದಷ್ಟೂ ಕಾಟಿಗಳಿಗೂ ಅಪಾಯ ಹೆಚ್ಚು.

ಎಸೆಯುವ ಮುನ್ನ

ಹಾಗೆಂದು ಬೀದಿಯ ದನವನ್ನು ಬರೀ ಪೀಡೆಯೆಂದು ನೋಡಿದರೆ ಇನ್ನೊಂದು ತಪ್ಪಾದೀತು. ಕೇರಳದಲ್ಲಿ ವೆಚೂರು ಎಂಬ ಗಿಡ್ಡ ತಳಿ ಹೀಗೆಯೇ ಯಾರಿಗೂ ಬೇಡವಾಗಿ ಅಳಿವಿನಂಚಿಗೆ ಹೋಗಿತ್ತು. 1989ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಸೋಸಮ್ಮ ಐಪ್ ವಿದ್ಯಾರ್ಥಿಗಳ ಜೊತೆ ಹಳ್ಳಿ ಹಳ್ಳಿ ಸುತ್ತಿ ಉಳಿದಿದ್ದ ಕೆಲವನ್ನು ಹುಡುಕಿ ತಂದು ಸಂತತಿ ಬೆಳೆಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಲ್ಲಿ ಹೊಸನಗರದ ರಾಮಚಂದ್ರಾಪುರ ಮಠ ದೇಸಿ ತಳಿಗಳ ಸಂರಕ್ಷಣೆಯನ್ನು ಕೈಗೆತ್ತಿಕೊಂಡಿದೆ. ಸಾವಯವ ತೋಟ ಮಾಡುವವರಿಗೆ ಎರಡು ಗಿಡ್ಡ ದನಗಳ ಸೆಗಣಿ, ಗಂಜಳ ಇಂದಿಗೂ ಬೆಲೆಬಾಳುವ ವಸ್ತು; ನೂರು ಕಿಲೋದ ದನ ತಿನ್ನುವುದು ನಾನೂರು ಕಿಲೋದ ಮಿಶ್ರತಳಿಗಿಂತ ತೀರಾ ಕಡಿಮೆ. ಪೇಟೆಯಲ್ಲಿ ಹಿಡಿದ ಹಿಂಡಿನಿಂದ ಒಳ್ಳೆಯ ಗಿಡ್ಡ ಹೆಣ್ಣುಗಳನ್ನು ಆರಿಸಿ, ಲಸಿಕೆ ಹಾಕಿ, ಬಿಲ್ಲೆ ತೊಡಿಸಿ ಅಡಿಕೆ, ತೆಂಗಿನ ತೋಟದವರಿಗೆ ಕೊಟ್ಟರೆ ಗೋಶಾಲೆಯ ಹೊರೆ ಇಳಿಯುತ್ತದೆ, ತಳಿಯೂ ಉಳಿಯುತ್ತದೆ. ಅಮೆರಿಕದ ದತ್ತು ಯೋಜನೆ ಎಡವಿದ ಕಡೆ ಎಡವದಿರಲು ಕೊಟ್ಟ ದನ ವರ್ಷದ ಮೇಲೂ ಅದೇ ಹಟ್ಟಿಯಲ್ಲಿದೆಯೇ ಎಂದು ಬಿಲ್ಲೆಯ ಸಂಖ್ಯೆ ಹಿಡಿದು ನೋಡಬೇಕಾಗುತ್ತದೆ.

ಮೇವಿನ ಜಾಗದ ಮಾತೂ ಪೂರ್ತಿ ಮುಗಿದಿಲ್ಲ. ಅಕೇಶಿಯಾ ಕಡಿದ ಗುಡ್ಡೆಗಳನ್ನು ಮತ್ತೆ ಅದೇ ಮರಕ್ಕೆ ಕೊಡುವ ಬದಲು ಸ್ವಲ್ಪ ಭಾಗದಲ್ಲಿ ಹುಲ್ಲು ಏಳಲು ಬಿಡಬಹುದು. ಹಡೀಲು ಬಿದ್ದ ಗದ್ದೆಯ ಹುಲ್ಲನ್ನು ಕೊಯ್ದು ಗೋಶಾಲೆಗೆ ಸಾಗಿಸಿದರೆ ಘಟ್ಟದ ಲಾರಿಗೆ ಕಾಯುವುದು ತಪ್ಪೀತು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಹೆದ್ದಾರಿಗಳಿಂದ ಬೀಡಾಡಿ ಜಾನುವಾರುಗಳನ್ನು ತೆರವು ಮಾಡಿ ಆಶ್ರಯತಾಣಗಳಿಗೆ ಸೇರಿಸಬೇಕೆಂದು ರಾಜ್ಯಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಆದೇಶಿಸಿತು. ಗಸ್ತು ತಂಡ, ಸಹಾಯವಾಣಿಗಳೂ ಆ ಆದೇಶದಲ್ಲಿವೆ. ಆದೇಶ ಪಾಲಿಸಬೇಕಾದ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಮೊದಲು ಬೇಕಾದದ್ದು ಸಂಖ್ಯೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಬೀಡಾಡಿ ದನಗಳು 50.21 ಲಕ್ಷ, ಮುಂದಿನ ಗಣತಿ 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ದೇಶದ ಮೊತ್ತದಿಂದ ಕಾಪು ಪುರಸಭೆಗೆ ಏನೂ ತಿಳಿಯುವುದಿಲ್ಲ. ಪೇಟೆಯ ಯಾವ ವಾರ್ಡಿನಲ್ಲಿ ರಾತ್ರಿ ಎಷ್ಟು ದನ ಮಲಗುತ್ತವೆ, ಅವುಗಳಲ್ಲಿ ಹೋರಿ ಎಷ್ಟು, ಹೆಣ್ಣೆಷ್ಟು, ಕಿವಿಯಲ್ಲಿ ಬಿಲ್ಲೆ ಇರುವುದು ಎಷ್ಟಕ್ಕೆ ಎಂಬ ಪಟ್ಟಿಯನ್ನು ಪಶುವೈದ್ಯರೊಬ್ಬರು ಪೌರಕಾರ್ಮಿಕರ ನೆರವಿನಿಂದ ಕೆಲವೇ ರಾತ್ರಿಗಳಲ್ಲಿ ಮಾಡಬಹುದು. ಎಷ್ಟು ಹೋರಿಗಳಿಗೆ ಬೀಜ ಒಡೆಸಬೇಕು, ಎಷ್ಟು ನೋಟಿಸು ಹೊರಡಬೇಕು, ಗೋಶಾಲೆಯಲ್ಲಿ ಎಷ್ಟು ಜಾಗ ಕೇಳಬೇಕು ಎಂಬುದು ಆ ಪಟ್ಟಿಯಿಂದಲೇ ಹೊರಡುತ್ತದೆ. ಮಳೆ ಹಿಡಿದು ದನಗಳು ಡಾಮರಿಗೆ ಏರುವ ಜೂನ್ ತಿಂಗಳು ಆ ಎಣಿಕೆಗೆ ಅನುಕೂಲದ ಕಾಲ.